ರೇಡಿಯೋ ಗುಂಡಿಯಿಂದ ಗಿಟಾರಿನ ಪೆಟ್ಟಿಗೆಗೆ

ಗಣೇಶ ಚೌತಿಯ ದಿನಗಳಲ್ಲಿ ಕಾರವಾರ, ಅಂಕೋಲೆಗಳ ಕಡೆ ರಸಮಂಜರಿ ಕಾರ್ಯಕ್ರಮಗಳಿಗೆ ಬರವಿಲ್ಲ. ವೇದಿಕೆಯ ಮೇಲೆ ಗಿಟಾರು ನುಡಿಸುವ ತರುಣನ ಹಿಂದೆ ಒಂದು ಪೆಟ್ಟಿಗೆ ಇರುತ್ತದೆ. ಅದೇ ಅವನ ಆಂಪ್ಲಿಫೈಯರು. ಅದರ ಮುಖದಲ್ಲಿ ಸಾಲಾಗಿ ತಿರುಗುಗುಂಡಿಗಳು. ಅವುಗಳಲ್ಲಿ ಮೂರಕ್ಕೆ ಬಾಸ್, ಮಿಡ್ಲ್, ಟ್ರೆಬಲ್ ಎಂದು ಹೆಸರು. ಹಾಡಿಗೆ ಮೊದಲು ಆತನು ಬಗ್ಗಿ ಅವನ್ನು ಒಂದಿಷ್ಟು ತಿರುವುತ್ತಾನೆ. ನೋಡುವ ಹಿರಿಯರಿಗೆ ಇದು ಹೊಸಕಾಲದ ಚೇಷ್ಟೆಯಾಗಿ ತೋರುವುದುಂಟು. ಆದರೆ ಈ ಗುಂಡಿಗಳ ವಂಶಾವಳಿಯನ್ನು ಹಿಡಿದು ಹಿಂದಕ್ಕೆ ನಡೆದರೆ ನಾವು ಹೋಗಿ ನಿಲ್ಲುವುದು ನಮ್ಮ ಹಿರಿಯರ ಪಡಸಾಲೆಯಲ್ಲಿದ್ದ ವಾಲ್ವು ರೇಡಿಯೋದ ಮುಂದೆಯೇ.

ಬಾಸ್, ಮಿಡ್ಲ್, ಟ್ರೆಬಲ್ ಎಂಬುವನ್ನು ಮಂದ್ರ, ಮಧ್ಯ, ತಾರ ಎಂದು ಕನ್ನಡಿಸುವ ಆಸೆ ನನ್ನಂಥ ಪಂಡಿತನಿಗೆ ಸಹಜ. ಆದರೆ ಅದು ಪೂರ್ತಿ ಸರಿಯಾಗದು. ಸ್ಥಾಯಿ ಎಂಬುದು ಸ್ವರ ನಿಂತಿರುವ ಎತ್ತರ. ಈ ಗುಂಡಿ ಸ್ವರದ ಎತ್ತರವನ್ನು ಮುಟ್ಟುವುದೇ ಇಲ್ಲ. ಆ ಸ್ವರದೊಳಗೇ ಅಡಗಿದ ಕಿರುನಾದಗಳ ಪ್ರಮಾಣವನ್ನು ಮಾತ್ರ ಬದಲಿಸುತ್ತದೆ. ಗಿಟಾರಿನ ಅತಿ ದಪ್ಪನೆಯ ತಂತಿಯನ್ನು ಬಿಟ್ಟು ಮೀಟಿದರೆ ಅದು ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಅದರ ಜೊತೆಗೇ 164, 246, 328 ಹೀಗೆ ಸಾವಿರಾರು ಕಂಪನಗಳವರೆಗೂ ಕಿರುನಾದಗಳು ಹುಟ್ಟುತ್ತವೆ. ಮೇಲಿನವನ್ನು ಕಳೆದರೆ ಸ್ವರ ಅದೇ, ಬಣ್ಣ ಬೇರೆ. ನಮ್ಮ ಸಂಗೀತಗಾರರು ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಒಂದು ಎಳೆ ದಾರವನ್ನು ಸರಿಸಿ ಝೇಂಕಾರ ಬರಿಸುತ್ತಾರಲ್ಲ, ಆ ಜೀವಾಳದ ಕೆಲಸವೂ ಇದೇ ಜಾತಿಯದು.

ಇದನ್ನು ಅರಿಯಲು ಯಂತ್ರವೂ ಬೇಡ. ಬಿಣಗಾದ ದಡದಲ್ಲಿ ನೀರಂಚಿಗೆ ನಿಂತರೆ ಅಲೆಯ ಮೊರೆತದೊಡನೆ ನೊರೆ ಒಡೆಯುವ ಸುಯ್ಯೆಂಬ ಸದ್ದೂ ಕೇಳುತ್ತದೆ. ಅಲ್ಲಿಂದ ಘಟ್ಟದ ತಿರುವು ಏರಿ ನಿಂತರೆ ಸುಯ್ಲು ಮಾಯವಾಗಿ ಬರಿಯ ಗುಡುಗಷ್ಟೇ ಉಳಿದಿರುತ್ತದೆ. ದೂರದ ಗಾಳಿ, ಅಡ್ಡ ಬರುವ ಗಿಡಮರ ಎತ್ತರದ ನಾದಗಳನ್ನೇ ಬೇಗ ನುಂಗುತ್ತವೆ.

ರೇಡಿಯೋದಲ್ಲಿ ಹಾಗೆ ನುಂಗುವ ವಸ್ತು ಕೆಪಾಸಿಟರು. ಹಳಬರು ಅದನ್ನು ಕಂಡೆನ್ಸರು ಎನ್ನುತ್ತಿದ್ದರು. ಎತ್ತರದ ನಾದದ ವಿದ್ಯುತ್ತು ಅದರ ಮೂಲಕ ಸಲೀಸಾಗಿ ದಾಟುತ್ತದೆ, ತಗ್ಗಿನ ನಾದದ್ದು ದಾಟಲಾರದು. ಧ್ವನಿ ಹರಿಯುವ ದಾರಿಯ ಪಕ್ಕದಲ್ಲಿ ಭೂಮಿಯ ಕಡೆಗೆ ಒಂದು ಕೆಪಾಸಿಟರು ಇಟ್ಟರೆ ಎತ್ತರದ್ದೆಲ್ಲ ಆ ಕಿಂಡಿಯಿಂದ ಸೋರಿ ಹೋಗುತ್ತದೆ. ಕಿಂಡಿಗೆ ಹೆಚ್ಚುಕಡಿಮೆ ಮಾಡಬಲ್ಲ ಒಂದು ರೆಸಿಸ್ಟರನ್ನು ಜೋಡಿಸಿ ಹಿಡಿಕೆ ಕೊಟ್ಟರೆ ಅದೇ ಟೋನ್ ಗುಂಡಿ. 1930ರ ದಶಕದಲ್ಲಿ ಪೆಂಟೋಡ್ ಎಂಬ ವಾಲ್ವು ಬಳಕೆಗೆ ಬಂದಾಗ ರೇಡಿಯೋದ ಧ್ವನಿ ಕರ್ಕಶವಾಯಿತು. ಅದನ್ನು ಮೆತ್ತಗೆ ಮಾಡಲು ಕಾರಖಾನೆಯವರು ಮೊದಲು ಒಳಗೇ ಇಂಥ ಕಿಂಡಿಯನ್ನು ಇಟ್ಟರು. ತರುವಾಯ ಅದರ ಹಿಡಿಕೆ ಪೆಟ್ಟಿಗೆಯ ಹೊರಗೆ, ಮನೆಯವರ ಕೈಗೆ ಬಂತು.

ನಮ್ಮ ತೀರದಲ್ಲಿ ಆ ಹಿಡಿಕೆಗೆ ಕೆಲಸ ಬಹಳವಿತ್ತು. ಧಾರವಾಡದ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾಯಿತು. ಆಗ ಕಾರವಾರ ಇನ್ನೂ ಮುಂಬಯಿ ಪ್ರಾಂತದಲ್ಲಿತ್ತು. ಧಾರವಾಡ ಇಲ್ಲಿಂದ ನೇರ ಗೆರೆಯಲ್ಲಿ ಸುಮಾರು 120 ಕಿಲೋಮೀಟರು, ನಡುವೆ ಸಹ್ಯಾದ್ರಿ. ಮಳೆಗಾಲದ ಮೊದಲ ಸಿಡಿಲುಗಳ ದಿನಗಳಲ್ಲಿ ಕಾರ್ಯಕ್ರಮಕ್ಕಿಂತ ಚಟಪಟ ಸದ್ದೇ ಮುಂದು. ಸಿನಿಮಾ ಹಾಡು ಬೇಕಾದವರು ಸಿಲೋನಿನ ಕಿರುತರಂಗ ಹಿಡಿದರೆ ಅದರೊಡನೆ ಸಿಳ್ಳೂ ಬರುತ್ತಿತ್ತು. ಮರ್ಫಿಯೋ ಫಿಲಿಪ್ಸೋ, ಟೋನ್ ಗುಂಡಿಯನ್ನು ತಗ್ಗಿನ ಕಡೆ ತಿರುಗಿಸಿದರೆ ಸಿಳ್ಳು ಅಡಗಿ ಹಾಡು ‘ಗಂಭೀರ’ವಾಗುತ್ತಿತ್ತು. ಬಾಸ್ ಹೆಚ್ಚಾಯಿತೆಂದು ಜನ ಸಂತೋಷಪಡುತ್ತಿದ್ದರು. ಹೆಚ್ಚಾದದ್ದು ಏನೂ ಇಲ್ಲ; ಉಳಿದದ್ದು ಎದ್ದು ಕಾಣುತ್ತಿತ್ತು, ಅಷ್ಟೇ.

ಸಿಳ್ಳಿನೊಡನೆ ಇನ್ನೂ ಕೆಲವು ಹೋದವು ಎಂಬುದರ ಕಡೆಗೆ ಓದುಗರ ಲಕ್ಷ್ಯವನ್ನು ಸೆಳೆಯಬೇಕು. ಅ, ಆ, ಓ ಮೊದಲಾದ ಸ್ವರಾಕ್ಷರಗಳ ಬಲವೆಲ್ಲ ತಗ್ಗು ಮತ್ತು ನಡುವಿನ ನಾದಗಳಲ್ಲಿದೆ. ಶಕಾರ, ಷಕಾರಗಳ ಸೀತ್ಕಾರ ಸೆಕೆಂಡಿಗೆ ಎರಡೂವರೆ ಮೂರು ಸಾವಿರ ಕಂಪನಗಳಿಂದ ಮೇಲಕ್ಕೆ. ಸಕಾರದ್ದು ಬಹುಪಾಲು ನಾಲ್ಕೈದು ಸಾವಿರದ ಮೇಲೆ. ಮಧ್ಯಮ ತರಂಗದ ಪ್ರಸಾರವಾದರೋ ನಾಲ್ಕೈದು ಸಾವಿರಕ್ಕೇ ಮುಗಿಯುವಂಥದು. ಅದಾಗಲೇ ಬಡವಾಗಿ ಬಂದ ಸಕಾರವನ್ನು ಮನೆಯವರು ಗುಂಡಿ ತಿರುವಿ ಕೊಂದೇಬಿಡುತ್ತಿದ್ದರು. ಟೆಲಿಫೋನಿನಲ್ಲಿಯೂ 3400ರ ಮೇಲಿನದನ್ನು ಬಿಡುತ್ತಿದ್ದುದರಿಂದಲೇ ನಾವು ‘ಸರಸ್ವತಿಯ ಸ’ ಎಂದು ಬಿಡಿಸಿ ಹೇಳಬೇಕಾಗುತ್ತಿತ್ತು. ಶ, ಷಗಳ ಭೇದ ತರಗತಿಯ ಕೋಣೆಯಲ್ಲೇ ಉಳಿಯದಿರುವಾಗ ಪಾಪ, ರೇಡಿಯೋವನ್ನು ದೂರಿ ಫಲವೇನು! ಆದರೆ ತಂಬೂರಿಯ ಜವಾರಿಗೂ ಅದೇ ಗತಿಯಾಯಿತಲ್ಲ, ಅದು ನಿಜವಾದ ನಷ್ಟ. ಧಾರವಾಡದಿಂದ ಬಂದ ಹಿಂದೂಸ್ತಾನಿ ಗಾಯನದ ಹಿಂದೆ ತಂಬೂರಿ ಗೊಣಗುತ್ತಿತ್ತೇ ಹೊರತು ಝೇಂಕರಿಸುತ್ತಿರಲಿಲ್ಲ.

ಕಳೆಯುವುದಷ್ಟೇ ಅಲ್ಲದೆ ಕೂಡಿಸಲೂ ಬರಬೇಕು ಎಂಬ ಪ್ರಯತ್ನ ಇಂಗ್ಲೆಂಡಿನಲ್ಲಿ ನಡೆಯಿತು. ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ 1949ರಲ್ಲಿ ಈ. ಜೆ. ಜೇಮ್ಸ್ ಎಂಬವರು ತಗ್ಗಿಗೊಂದು, ಎತ್ತರಕ್ಕೊಂದು ಬೇರೆ ಬೇರೆ ಗುಂಡಿಗಳ ಸರಳ ಜೋಡಣೆಯನ್ನು ಪ್ರಕಟಿಸಿದರು. 1952ರ ಅಕ್ಟೋಬರಿನಲ್ಲಿ ಅದೇ ಪತ್ರಿಕೆಯಲ್ಲಿ ಪೀಟರ್ ಬ್ಯಾಕ್ಸಾಂಡಲ್ ಎಂಬ ತರುಣ ಎಂಜಿನಿಯರು ಅದನ್ನು ಮುಂದುವರಿಸಿದರು. ಹೊರಬಂದ ಧ್ವನಿಯ ಒಂದಂಶವನ್ನು ತಲೆಕೆಳಗು ಮಾಡಿ ಒಳಕ್ಕೆ ಹಿಂದಿರುಗಿಸುವುದು ಅವರ ಉಪಾಯ. ಗುಂಡಿ ನಟ್ಟನಡುವೆ ಇದ್ದರೆ ಒಳಹೊಕ್ಕದ್ದು ಇದ್ದಂತೆಯೇ ಹೊರಬರುತ್ತದೆ. ಆ ಕಡೆ ತಿರುಗಿಸಿದರೆ ಏರಿಕೆ, ಈ ಕಡೆಗೆ ಇಳಿತ. ಮುಂದೆ ಮನೆಗಳಿಗೆ ಬಂದ ಸ್ಟೀರಿಯೋಗಳಲ್ಲಿ ಬಾಸ್, ಟ್ರೆಬಲ್ ಎಂಬ ಎರಡು ಗುಂಡಿಗಳಿದ್ದರೆ ಅವು ಬಹುಮಟ್ಟಿಗೆ ಈ ಮನೆತನದವು.

ಗಿಟಾರಿನ ಕಥೆ ಬೇರೆ ದಾರಿ ಹಿಡಿಯಿತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಫುಲರ್ಟನ್ ಎಂಬ ಊರು. ಅಲ್ಲಿ ಲಿಯೋ ಫೆಂಡರ್ ಎಂಬವರು 1938ರಲ್ಲಿ ರೇಡಿಯೋ ರಿಪೇರಿಯ ಅಂಗಡಿ ತೆರೆದರು. ಗಿಟಾರಿನಿಂದ ಲೋಕಪ್ರಸಿದ್ಧರಾದ ಈ ಮಹಾಶಯರಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ! ರಿಪೇರಿಗೆ ಬಂದ ಸಂಗೀತಗಾರರ ಮಾತು ಕೇಳುತ್ತ, ರೇಡಿಯೋದ ವಾಲ್ವು, ಕೆಪಾಸಿಟರುಗಳಿಂದಲೇ ಆಂಪ್ಲಿಫೈಯರುಗಳನ್ನು ಕಟ್ಟಿದರು. ಮೊದಮೊದಲು ಅವಕ್ಕೆ ರೇಡಿಯೋದಂತೆ ಒಂದೇ ಟೋನ್ ಗುಂಡಿ. 1950ರ ದಶಕದ ಕೊನೆಗೆ ಬಂದ ‘ಬಾಸ್‌ಮನ್’ ಎಂಬ ಮಾದರಿಯಲ್ಲಿ ಗುಂಡಿಗಳು ಮೂರಾದವು. ಒಳಗೆ ಇದ್ದದ್ದು 250 ಪಿಕೋಫ್ಯಾರಡಿನ ಒಂದು ಪುಟ್ಟ ಕೆಪಾಸಿಟರು, 0.02 ಮೈಕ್ರೋಫ್ಯಾರಡಿನವು ಎರಡು, ಒಂದು ರೆಸಿಸ್ಟರು ಮತ್ತು ಮೂರು ಗುಂಡಿಗಳು. ಪುಟ್ಟದು ಎತ್ತರದ ನಾದವನ್ನಷ್ಟೇ ಮುಂದಕ್ಕೆ ಬಿಡುತ್ತದೆ, ಮಿಕ್ಕವೆರಡು ತಗ್ಗನ್ನೂ ನಡುವನ್ನೂ ಹಂಚಿಕೊಳ್ಳುತ್ತವೆ. 1962ರಿಂದೀಚೆಗೆ ಲಂಡನ್ನಿನಲ್ಲಿ ವಾದ್ಯಗಳ ಅಂಗಡಿ ನಡೆಸುತ್ತಿದ್ದ ಜಿಮ್ ಮಾರ್ಷಲ್ ಮತ್ತು ಅವರ ಜೊತೆಗಾರರು ಕಟ್ಟಿದ ಆಂಪ್ಲಿಫೈಯರಿಗೂ ಇದೇ ಮಾದರಿ.

ಇದರಲ್ಲಿ ಬ್ಯಾಕ್ಸಾಂಡಲರ ನಿಷ್ಠೆಯಿಲ್ಲ. ಮೂರೂ ಗುಂಡಿಗಳನ್ನು ನಡುವಿಗಿಟ್ಟರೆ ಧ್ವನಿ ಸಮತಟ್ಟಾಗದು. ಸುಮಾರು 500 ಕಂಪನಗಳ ಆಸುಪಾಸಿನಲ್ಲಿ ಒಂದು ಹಳ್ಳ ಬಿದ್ದೇ ಇರುತ್ತದೆ. ಸಮತಟ್ಟು ಬೇಕಾದರೆ ಬಾಸ್, ಟ್ರೆಬಲ್‌ಗಳನ್ನು ಬಹಳ ಇಳಿಸಿ ಮಿಡ್ಲ್ ಅನ್ನು ಪೂರ್ತಿ ಏರಿಸಬೇಕು. ಒಂದನ್ನು ತಿರುಗಿಸಿದರೆ ಉಳಿದೆರಡರ ವರ್ತನೆಯೂ ಬದಲಾಗುತ್ತದೆ, ಅವಿಭಕ್ತ ಕುಟುಂಬದಂತೆ. ಈ ಗುಂಡಿಗಳು ಯಾವುದನ್ನೂ ಹೊಸದಾಗಿ ತಂದುಕೊಡುವುದಿಲ್ಲ, ಕಳೆಯುವುದರಲ್ಲಿ ಎಷ್ಟು ಉಳಿಸಬೇಕೆಂಬುದನ್ನಷ್ಟೇ ತೀರ್ಮಾನಿಸುತ್ತವೆ. ಹಾಗಾದರೆ ಇದು ದೋಷವೇ? ನನಗೆ ಹಾಗೆ ತೋರುವುದಿಲ್ಲ. ರೇಡಿಯೋದ ಗುಂಡಿ ಕೇಳುಗನದು, ಮತ್ತೊಬ್ಬರು ಹಾಡಿದ್ದರ ಮೇಲೆ ಅವನು ಕೈಯಾಡಿಸುತ್ತಾನೆ. ಗಿಟಾರಿನ ಪೆಟ್ಟಿಗೆಯ ಗುಂಡಿ ನುಡಿಸುವವನದೇ. ಅವನು ಜೀವಾಳ ಸರಿಸುವ ವೈಣಿಕನ ಸಾಲಿಗೆ ಸೇರಿದವನು. ಆ ಹಳ್ಳವೂ ಅವನ ವಾದ್ಯದ ಅಂಗವೇ ಆಗಿಹೋಗಿದೆ. ಎಷ್ಟರಮಟ್ಟಿಗೆಂದರೆ 2006ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 1959ರ ಬಾಸ್‌ಮನ್ನಿನ ಈ ಜೋಡಣೆಯನ್ನೇ ಎತ್ತಿಕೊಂಡು, ಕಂಪ್ಯೂಟರು ನಡೆಸಬಲ್ಲ ಗಣಿತವಾಗಿ ಬರೆದಿಟ್ಟರು.

ವಾಲ್ವು ರೇಡಿಯೋಗಳು ಈಗ ಅಟ್ಟ ಸೇರಿವೆ. ಟೋನ್ ಗುಂಡಿ ಮಾತ್ರ ಈಕ್ವಲೈಸರು ಎಂಬ ಹೆಸರಿನಿಂದ ಮೊಬೈಲು ಫೋನಿನೊಳಗೂ ಹೊಕ್ಕಿದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ನಾದಗಳನ್ನು. ಅಂಥ ಹಿರಿಯರು ವಾರ್ತೆ ತಿಳಿಯುತ್ತಿಲ್ಲವೆಂದು ಸದ್ದನ್ನೇ ಹೆಚ್ಚಿಸುತ್ತ ಹೋಗುತ್ತಾರೆ. ಸ್ವರಾಕ್ಷರಗಳು ಅಬ್ಬರಿಸುತ್ತವೆ, ವ್ಯಂಜನಗಳು ಇದ್ದಲ್ಲೇ ಇರುತ್ತವೆ. ಸದ್ದನ್ನು ಹಾಗೇ ಬಿಟ್ಟು ಬಾಸನ್ನು ತುಸು ಇಳಿಸಿ ಟ್ರೆಬಲನ್ನು ಏರಿಸಿ ನೋಡಬಹುದು. ಕಿವಿಯಲ್ಲಿ ಶಕ್ತಿ ಒಂದಿಷ್ಟು ಉಳಿದಿದ್ದರೆ ವಾರ್ತೆಯ ಮಾತು ಬಿಡಿಬಿಡಿಯಾಗಿ ತಿಳಿಯುತ್ತದೆ, ಪಕ್ಕದ ಕೋಣೆಯಲ್ಲಿ ಓದುವ ಮೊಮ್ಮಗಳು ಬಾಗಿಲು ಹಾಕಿಕೊಳ್ಳಬೇಕಾಗಿಯೂ ಇಲ್ಲ.