ಮೇಜಿನ ನಡುವಿನ ಚೌಕ ಗುಳಿ

ಮಂಗಳೂರಿನ ಪೂರ್ವಿಕರ ಮನೆಯಿಂದ ನನ್ನ ಪಾಲಿಗೆ ಬಂದ ಹಲಸಿನ ಮರದ ಮೇಜಿನ ನಡುವೆ ಗೇಣಗಲದ ಚೌಕ ಗುಳಿಯೊಂದಿದೆ. ಅದು ಎಲೆಯಡಿಕೆಯ ತಟ್ಟೆ ಇಡುವ ಜಾಗವೆಂದು ಮನೆಯವರು ನಂಬಿದ್ದರು. ಮೇಜು 1784ರ ಶ್ರೀರಂಗಪಟ್ಟಣದ ಸೆರೆಗಿಂತಲೂ ಹಳೆಯದೆಂಬುದು ಅಜ್ಜಿಯ ಮಾತು.

ಗುಳಿಯ ಉದ್ದೇಶವನ್ನು ಹಳೆಯ ಪೂಜಾವಿಧಿ ಬಲ್ಲವರು ಕೂಡಲೇ ಗುರುತಿಸುವರು. ಎರಡನೆಯ ವ್ಯಾಟಿಕನ್ ಮಹಾಸಭೆಗೆ ಮುನ್ನ, ಲತೀನ್ ವಿಧಿಯಲ್ಲಿ ಮರದ ಮೇಜಿನ ಮೇಲೆ ಬಲಿಪೂಜೆ ಅರ್ಪಿಸಬೇಕಾದರೆ ರಕ್ತಸಾಕ್ಷಿಗಳ ಅವಶೇಷವನ್ನು ಒಳಗೊಂಡ, ಐದು ಶಿಲುಬೆಗಳನ್ನು ಕೊರೆದ, ಅಭಿಷೇಕಿತ ಶಿಲಾಫಲಕ ಬೇಕಿತ್ತು. ಬಲಿಪೀಠವೆಂದರೆ ಆ ಕಲ್ಲೇ. ಮೇಜು ಅದಕ್ಕೆ ಆಸರೆ ಮಾತ್ರ.

ಕಾಲನಿರ್ಣಯ ಅಷ್ಟು ಸುಲಭವಾಗಿರಲಿಲ್ಲ. ಮೊನಚು ತುದಿಯ ಸ್ಕ್ರೂಗಳು ಬಳಕೆಗೆ ಬಂದದ್ದು 1840ರ ದಶಕದಿಂದೀಚೆಗೆ. ಆದರೆ ಅವು ದುರಸ್ತಿಯಲ್ಲಿ ಸೇರಿದವೂ ಇರಬಹುದು. (ಹಳೆಯ ಪೀಠೋಪಕರಣಗಳನ್ನು ಪರೀಕ್ಷಿಸುವವರು ಎಡವುವುದು ಇಲ್ಲಿಯೇ.) ಹಲಗೆಯ ಅಡಿಭಾಗವನ್ನು ಓರೆ ಬೆಳಕಿನಲ್ಲಿ ನೋಡಿದಾಗ ಸಂಶಯ ಕಳೆಯಿತು: ಕೈಗರಗಸದ ನೇರ ಗೆರೆಗಳಿಲ್ಲ, ಯಂತ್ರದ ಚಕ್ರಗರಗಸ ಬಿಟ್ಟ ಕಮಾನು ಗೆರೆಗಳಿವೆ. ಆದ್ದರಿಂದ ಇದು ಸೆರೆಗಿಂತ ಹಿಂದಿನದಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮರಳಿದವರ ಮೊಮ್ಮಕ್ಕಳ ಕಾಲದ್ದೋ, ಇನ್ನೂ ಈಚಿನದೋ.

ಮನೆಯಲ್ಲಿ ಇದನ್ನು ತಿಳಿಸಿದಾಗ ದೊಡ್ಡಮ್ಮ ಒಪ್ಪಲಿಲ್ಲ. ಕೊನೆಗೆ, “ಹಾಗಾದರೆ ಆ ಕಲ್ಲು ಎಲ್ಲಿ ಹೋಯಿತು, ಫಾದರ್?” ಎಂದು ಕೇಳಿದರು. ಅದನ್ನು ಈಗಲೂ ಹುಡುಕುತ್ತಿದ್ದೇನೆ.