ನೀರಿನಿಂದ ಓಡುವ ವಾಹನ: ಒಂದು ಹಳೆಯ ಆಸೆಯ ಇತಿಹಾಸ

1996ರ ಸೆಪ್ಟೆಂಬರ್ ತಿಂಗಳ ಒಂದು ಬೆಳಿಗ್ಗೆ, ತಾಳವಾಡಿ ಸೀಮೆಯ ನಮ್ಮ ಕನ್ನಡ ಶಾಲೆಯ ಪ್ರಾರ್ಥನಾ ಸಭೆಯಲ್ಲಿ ನಾವು ಪತ್ರಿಕೆಯ ಸುದ್ದಿಯೊಂದನ್ನು ಓದಿ ಹೇಳಿದೆವು. ರಾಜಪಾಳಯದ ಸಮೀಪದ ಹಳ್ಳಿಯವರಾದ ರಾಮರ್ ಪಿಳ್ಳೈ ಎಂಬ, ಹೆಚ್ಚು ಓದಿಲ್ಲದ ಯುವಕರೊಬ್ಬರು ಗಿಡಮೂಲಿಕೆಗಳನ್ನು ನೀರಿನಲ್ಲಿ ಕುದಿಸಿ ಪೆಟ್ರೋಲಿನಂತಹ ಇಂಧನ ತಯಾರಿಸಿದ್ದಾರೆ, ದೆಹಲಿಯ ಐಐಟಿಯಲ್ಲಿ ಅದನ್ನು ಪ್ರದರ್ಶಿಸಿಯೂ ಇದ್ದಾರೆ ಎಂಬುದು ಆ ಸುದ್ದಿ. ಹಳ್ಳಿಯ ಮಕ್ಕಳು ಯಾರಿಗೂ ಕಡಿಮೆಯಲ್ಲವೆಂದು ನಾವು ಉತ್ಸಾಹದಿಂದ ಭಾಷಣವನ್ನೇ ಮಾಡಿದೆವು. ಮಕ್ಕಳು ಚಪ್ಪಾಳೆ ತಟ್ಟಿದರು. ಮುಂದೆ ಮದ್ರಾಸಿನ ಐಐಟಿಯಲ್ಲಿ ಕಟ್ಟುನಿಟ್ಟಿನ ಪರೀಕ್ಷೆ ನಡೆದು, ಕಲಕುವ ಕೋಲಿನ ಟೊಳ್ಳಿನಲ್ಲಿ ಇಂಧನವನ್ನು ಅಡಗಿಸಿಡಲಾಗಿತ್ತೆಂಬ ಸುದ್ದಿ ಬಂದಿತು. ಅದನ್ನು ನಾವು ಪ್ರಾರ್ಥನಾ ಸಭೆಯಲ್ಲಿ ಓದಲಿಲ್ಲ.

ಇಂತಹ ಆಸೆ ಹೊಸತೇನಲ್ಲ. ಮೊದಲ ಮಹಾಯುದ್ಧದಿಂದಾಗಿ ಪೆಟ್ರೋಲಿನ ಬೆಲೆ ಏರುತ್ತಿದ್ದ 1916ರಲ್ಲಿ, ಅಮೆರಿಕದ ನ್ಯೂಯಾರ್ಕ್ ಸಮೀಪದ ಫಾರ್ಮಿಂಗ್‌ಡೇಲ್‌ನಲ್ಲಿ ಲೂಯಿ ಎನ್ರಿಕ್ಟ್ ಎಂಬುವರು ನೀರಿಗೆ ಹಸಿರು ದ್ರವವೊಂದನ್ನು ಬೆರೆಸಿ ಪತ್ರಕರ್ತರ ಎದುರಿನಲ್ಲೇ ಕಾರು ಓಡಿಸಿ ತೋರಿಸಿದ್ದರು. ಅದಕ್ಕೂ ಹಿಂದೆ, ಫ್ರೆಂಚ್ ಕಾದಂಬರಿಕಾರ ಜೂಲ್ಸ್ ವರ್ನ್ ತನ್ನ ಪಾತ್ರವೊಂದರ ಬಾಯಲ್ಲಿ, ಮುಂದೊಂದು ದಿನ ಕಲ್ಲಿದ್ದಲಿನ ಸ್ಥಾನವನ್ನು ನೀರೇ ತುಂಬುವುದೆಂದು ಹೇಳಿಸಿದ್ದ. ಆದರೆ ಆ ಪಾತ್ರವೂ ವಿದ್ಯುತ್ತಿನಿಂದ ಒಡೆದ ನೀರಿನ ಮಾತನಾಡುತ್ತದೆಂಬುದನ್ನು ಓದುಗರು ಮರೆತುಬಿಡುತ್ತಾರೆ.

ಆ ವಿದ್ಯುತ್ತಿನಲ್ಲಿಯೇ ಗುಟ್ಟೆಲ್ಲ ಇರುವುದು. ನಾವು ಬಿ.ಎ. ಓದಿದವರು, ಇತಿಹಾಸ ನಮ್ಮ ವಿಷಯ. ಆದರೂ ನಮ್ಮ ಕಾಲದ ಕನ್ನಡ ಪಠ್ಯಪುಸ್ತಕಗಳಲ್ಲಿ ಹೈಡ್ರೋಜನ್ನಿಗೆ ಇದ್ದ ಹೆಸರನ್ನೊಮ್ಮೆ ನಿಧಾನವಾಗಿ ಓದಿದ್ದರೆ ನಮಗೂ ಹೊಳೆಯಬೇಕಿತ್ತು. ಜಲಜನಕ, ಎಂದರೆ ಜಲವನ್ನು ಹುಟ್ಟಿಸುವುದು. ಇಂಗ್ಲೆಂಡಿನ ಕ್ಯಾವೆಂಡಿಷ್ ಈ ಅನಿಲವನ್ನು ಉರಿಸಿದಾಗ ನೀರು ದೊರೆಯಿತು; ಪ್ಯಾರಿಸ್ಸಿನ ಲವಾಸಿಯೇ 1783ರಲ್ಲಿ ನೀರು ಮೂಲವಸ್ತುವಲ್ಲವೆಂದು ಸಾರಿ, ಅದೇ ಅರ್ಥದ ಗ್ರೀಕ್ ಮೂಲದ ಹೆಸರನ್ನು ಆ ಅನಿಲಕ್ಕೆ ಇಟ್ಟ. ಹಾಗಾದರೆ ನೀರೆಂದರೆ ಜಲಜನಕ ಉರಿದು ಮುಗಿದ ಮೇಲೆ ಉಳಿದ ಬೂದಿ. ಒಲೆಯ ಬೂದಿಯನ್ನು ಬಾಚಿ ಮತ್ತೆ ಅದೇ ಒಲೆಗೆ ಹಾಕಿ ಅನ್ನ ಬೇಯಿಸುವೆನೆಂದರೆ ನಮ್ಮ ಮನೆಯ ಹೆಂಗಸರು ನಗುತ್ತಾರೆ.

ಬೂದಿಯನ್ನು ಮತ್ತೆ ಸೌದೆಯಾಗಿಸಲಾಗದಿದ್ದರೂ ನೀರನ್ನು ಮತ್ತೆ ಜಲಜನಕ, ಆಮ್ಲಜನಕಗಳಾಗಿಸಬಹುದು. ವೋಲ್ಟಾ ವಿದ್ಯುತ್ಕೋಶವನ್ನು ರೂಪಿಸಿದ ಸುದ್ದಿ ಹರಡಿದ 1800ರಲ್ಲಿಯೇ ನಿಕಲ್ಸನ್ ಮತ್ತು ಕಾರ್ಲೈಲ್ ಎಂಬ ಇಬ್ಬರು ಆಂಗ್ಲರು ಅದನ್ನು ಮಾಡಿ ತೋರಿಸಿದರು. ಆದರೆ ಲೆಕ್ಕ ಕಠಿಣವಾದುದು. ಒಂದು ಲೀಟರ್ ನೀರನ್ನು ಒಡೆಯಲು ಸುಮಾರು 4.4 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಬೇಕು. ಆ ಅನಿಲಗಳನ್ನು ಮತ್ತೆ ಕೂಡಿಸಿ ಉರಿಸಿದರೆ ಮರಳಿ ಬರುವುದೂ ಅಷ್ಟೇ, ಕವಡೆಕಾಸೂ ಹೆಚ್ಚಿಲ್ಲ. ಎಂಜಿನ್ ಅದರಲ್ಲಿ ಚಕ್ರಕ್ಕೆ ಮುಟ್ಟಿಸುವುದು ಹೆಚ್ಚೆಂದರೆ ಮೂರರಲ್ಲೊಂದು ಪಾಲು. ಉಳಿದುದು ಬಿಸಿಯಾಗಿ ಹೋಗುತ್ತದೆ. ಇಂದು ಜಪಾನಿನ ಟೊಯೋಟಾ ಮಿರಾಯ್‌ನಂತಹ ಕಾರುಗಳು ಜಲಜನಕದಿಂದ ಓಡುತ್ತಿರುವುದು ನಿಜ. ಆದರೆ ಅವುಗಳ ಟ್ಯಾಂಕಿಗೆ ತುಂಬುವುದು ಬೇರೆಡೆ ಶಕ್ತಿ ವ್ಯಯಿಸಿ ತಯಾರಿಸಿದ ಜಲಜನಕವನ್ನು. ಅಲ್ಲಿ ನೀರು ಹೊರಗೆ ಬರುತ್ತದೆಯೇ ಹೊರತು ಇಂಧನವಾಗಿ ಒಳಗೆ ಹೋಗುವುದಿಲ್ಲ.

ಈ ಲೆಕ್ಕವನ್ನು ಮೀರಿದೆನೆಂದು ಹೇಳಿ ಹೆಸರಾದವರು ಅಮೆರಿಕದ ಒಹಾಯೊ ರಾಜ್ಯದ ಸ್ಟ್ಯಾನ್ಲಿ ಮೇಯರ್. ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕ್‌ವರೆಗೆ ತಮ್ಮ ಗಾಡಿ ಓಡಲು 22 ಗ್ಯಾಲನ್ ನೀರು ಸಾಕೆಂದಿದ್ದರು. ಹಣ ಹೂಡಿದ ಇಬ್ಬರು ನ್ಯಾಯಾಲಯಕ್ಕೆ ಹೋದಾಗ ತಜ್ಞರು ಯಂತ್ರವನ್ನು ಪರಿಶೀಲಿಸಿ, ಇದು ಮಾಮೂಲಿನಂತೆ ನೀರನ್ನು ಒಡೆಯುವ ಸಾಧನವೇ ಎಂದರು. ವಂಚನೆ ನಡೆದಿದೆಯೆಂದು ತೀರ್ಮಾನಿಸಿದ ನ್ಯಾಯಾಲಯ 25,000 ಡಾಲರ್ ಹಿಂದಿರುಗಿಸಲು ಆಜ್ಞಾಪಿಸಿತು. ಅದೂ 1996ರಲ್ಲಿಯೇ. ಎರಡು ವರ್ಷದ ಬಳಿಕ ಮೇಯರ್ ಹಠಾತ್ತನೆ ತೀರಿಕೊಂಡರು. ಮೆದುಳಿನ ರಕ್ತನಾಳ ಒಡೆದು ಸಾವು ಸಂಭವಿಸಿತೆಂದು ವೈದ್ಯಕೀಯ ತನಿಖೆ ಹೇಳಿದರೂ, ತೈಲ ಕಂಪನಿಗಳು ವಿಷವಿಕ್ಕಿದುವೆಂಬ ಕಥೆ ಇಂದಿಗೂ ಸತ್ತಿಲ್ಲ. 2012ರಲ್ಲಿ ಪಾಕಿಸ್ತಾನದಲ್ಲಿಯೂ ಇಂತಹುದೇ ಕಾರು ಬಂದಾಗ ಅಲ್ಲಿನ ಹೆಸರಾಂತ ವಿಜ್ಞಾನಿಗಳು ಕೆಲವರು ಅದರ ಬೆನ್ನಿಗೆ ನಿಂತರು. ಭೌತವಿಜ್ಞಾನಿ ಪರ್ವೇಜ್ ಹೂಡ್‌ಭಾಯ್ ಅದನ್ನು ಬಹಿರಂಗವಾಗಿ ವಿರೋಧಿಸಿದರು. ನಂಬಿ ಕೆಟ್ಟವರಲ್ಲಿ ಬಿ.ಎ.ಗಳು ಮಾತ್ರವಿಲ್ಲವೆಂದು ನಾವು ಸಮಾಧಾನ ಪಟ್ಟುಕೊಳ್ಳಬಹುದಿತ್ತು.

ಆದರೆ ಹೋದ ವರ್ಷ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಕೋಸು, ಟೊಮೇಟೊ ತುಂಬಿಕೊಂಡು ದಿಂಬಂ ಘಾಟಿಯ 27 ತಿರುವುಗಳನ್ನಿಳಿದು ಸತ್ಯಮಂಗಲಕ್ಕೆ ಹೋಗಿಬರುವ ಪಿಕಪ್ ಗಾಡಿ ಅವನದು. ಬಾನೆಟ್ ತೆರೆದು ಹೆಮ್ಮೆಯಿಂದ ತೋರಿಸಿದ: ನೀರಿನ ಜಾಡಿ, ಅದರೊಳಗೆ ಉಕ್ಕಿನ ತಗಡುಗಳು, ಬ್ಯಾಟರಿಯಿಂದ ಎರಡು ವೈರು, ಎಂಜಿನ್ನಿಗೆ ಒಂದು ಕೊಳವೆ. ಹದಿನೆಂಟು ಸಾವಿರ ಕೊಟ್ಟಿದ್ದನಂತೆ. "ನೀವೇ ಅವತ್ತು ಪ್ರೇಯರಿನಲ್ಲಿ ಹೇಳಿದ್ರಲ್ಲ ಸಾರ್, ನೀರಿನಲ್ಲಿ ಗಾಡಿ ಓಡುತ್ತೆ ಅಂತ."

ಬ್ಯಾಟರಿಯನ್ನು ತುಂಬುವುದು ಡೈನಮೋ, ಡೈನಮೋವನ್ನು ತಿರುಗಿಸುವುದು ಎಂಜಿನ್, ಎಂಜಿನ್ ಓಡುವುದು ಡೀಸೆಲ್ಲಿನಿಂದ ಎಂದು ಜಗಲಿಯ ಮೇಲೆ ಕುಳಿತು ಬಿಡಿಸಿ ಹೇಳಿದೆವು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆವು. ಅವನು ಬಹಳ ಹೊತ್ತು ಆ ಅಂಕಿಗಳನ್ನೇ ನೋಡಿದ. ಮೈಲೇಜು ಒಂದಿಷ್ಟೂ ಏರಿಲ್ಲವೆಂಬುದು ತನಗೂ ಗೊತ್ತಿತ್ತು, ತಾನೇ ಸರಿಯಾಗಿ ಓಡಿಸುತ್ತಿಲ್ಲವೇನೋ ಎಂದುಕೊಂಡಿದ್ದೆ ಎಂದ.

ಅಂದು ಆ ಸಭೆಯಲ್ಲಿ ಸಾಲಾಗಿ ನಿಂತಿದ್ದವರಲ್ಲಿ ಅನೇಕರು ಈಗ ಈ ಸಂಘದ ಸದಸ್ಯರು. ಓದದೆ ಬಿಟ್ಟ ಆ ಎರಡನೆಯ ಸುದ್ದಿಯನ್ನು ಇಲ್ಲಿ ಓದಿದ್ದೇವೆ.