ಒಂದೇ ಬಫರಿನ ಗೂಡ್ಸ್ ಗಾಡಿ

ಬ್ರಿಟನ್ನಿನಲ್ಲಿ ಕಲ್ಲಿದ್ದಲು ಹೊರುತ್ತಿದ್ದ ಮರದ ಗೂಡ್ಸ್ ವ್ಯಾಗನ್ನಿನ ಮಾದರಿಯೊಂದು ಅಂಗೈಯಲ್ಲಿ ಹಿಡಿಸುತ್ತದೆ. ಒಂದು ಅಡಿಗೆ ನಾಲ್ಕು ಮಿಲಿಮೀಟರ್, ಇದು ಅಲ್ಲಿನ ಹವ್ಯಾಸಿಗಳ ಲೆಕ್ಕ. ಹದಿನಾರೂವರೆ ಅಡಿಯ ವ್ಯಾಗನ್ 66 ಮಿಲಿಮೀಟರಿಗೆ ಇಳಿಯುತ್ತದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದ. ಹಲಗೆಯ ಸಂದು, ಬ್ರೇಕಿನ ಹಿಡಿ, ಮೂರು ಕೊಂಡಿಯ ಸರಪಳಿ ಎಲ್ಲವೂ ಅದರಲ್ಲಿರುತ್ತವೆ. ಇಷ್ಟು ಶ್ರದ್ಧೆ ರಾಜರ ಬೋಗಿಗಲ್ಲ, ಮಸಿ ಹಿಡಿದ ಗೂಡ್ಸ್ ಗಾಡಿಗೆ!

ಇದೇ ಶ್ರದ್ಧೆಯಿಂದ ನಮ್ಮ ಬೀರೂರು-ಶಿವಮೊಗ್ಗ ದಾರಿಯ ಹಳೆಯ ವ್ಯಾಗನ್ ಮಾಡಹೊರಟರೆ ಮೊದಲ ತೊಡಕು ಬಫರಿನದು. ಬ್ರಿಟಿಷ್ ವ್ಯಾಗನ್ನಿಗೆ ಒಂದೊಂದು ತುದಿಯಲ್ಲೂ ಎರಡೆರಡು ಬಫರು. ನಮ್ಮ ಮೀಟರ್‌ಗೇಜ್ ಗಾಡಿಗೆ ನಟ್ಟನಡುವೆ ಒಂದೇ ಬಫರು. ಅಕ್ಕಪಕ್ಕದ ಗಾಡಿಗಳನ್ನು ಜೋಡಿಸಲು ಅಲ್ಲಿಯೇ ಕತ್ತಿಯಂತೆ ಬೀಳುವ ಕಬ್ಬಿಣದ ಕೊಕ್ಕೆ.

ಎರಡನೆಯ ತೊಡಕು ಹಳಿಯದು. 1870ರ ಸುಮಾರಿಗೆ ವೈಸರಾಯ್ ಲಾರ್ಡ್ ಮೇಯೋ ಕಾಲದಲ್ಲಿ ಖರ್ಚು ಉಳಿಸಲು ಕಿರಿದಾದ ಹಳಿಯ ತೀರ್ಮಾನವಾಯಿತು. ದೇಶಕ್ಕೆ ಮೆಟ್ರಿಕ್ ಪದ್ಧತಿ ಇನ್ನೇನು ಬಂದೀತೆಂಬ ನಿರೀಕ್ಷೆಯಲ್ಲಿ ಅಗಲವನ್ನು ಒಂದು ಮೀಟರ್ ಎಂದು ಗೊತ್ತುಮಾಡಿದರು. (ಪದ್ಧತಿ ಬಂದದ್ದು ಸ್ವಾತಂತ್ರ್ಯದ ನಂತರ!) ಬ್ರಿಟಿಷ್ ಮಾದರಿಯ ಲೆಕ್ಕದಲ್ಲಿ ಒಂದು ಮೀಟರಿಗೆ 13 ಮಿಲಿಮೀಟರಿನಷ್ಟು ಹಳಿ ಬೇಕು. ಅಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿ ಹಳಿ 16.5 ಮಿಲಿಮೀಟರಿನದು. ನಮ್ಮ ವ್ಯಾಗನ್ ಅದರ ಮೇಲೆ ನಿಲ್ಲದು.

ಕೈಕೆಲಸಕ್ಕೇನೂ ಕೊರತೆಯಿಲ್ಲ. ಗಂಧದ ತುಂಡಿನಲ್ಲಿ ಕೂದಲೆಳೆಯ ಬಳ್ಳಿ ಕೊರೆಯುವ ಗುಡಿಗಾರರು ಸೊರಬ, ಸಾಗರಗಳ ಹೆಸರನ್ನು ದೂರದೂರಕ್ಕೆ ಒಯ್ದವರು. ಅವರಿಗೆ ಬೇಕಾದೀತು ಸರಿಯಾದ ಅಳತೆ, ಅಷ್ಟೆ.

ಸೊರಬಕ್ಕಾಗಲಿ ಶಿಕಾರಿಪುರಕ್ಕಾಗಲಿ ಈ ವ್ಯಾಗನ್ ಎಂದೂ ಬರಲಿಲ್ಲ. ಆದರೂ ಅದರ ಕಥೆಯಲ್ಲಿ ಇವೆರಡೂ ಇವೆ. ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಮುಂದೆ ಮೂವತ್ತು ವರ್ಷದಷ್ಟು ಕಾಲ ದಾರಿ ಅಲ್ಲಿಗೇ ಮುಗಿಯುತ್ತಿತ್ತು. ರೈಲಿಗೇರಬೇಕಾದ ಭತ್ತ, ಅಡಿಕೆಯ ಮೂಟೆಗಳು ಮೊದಲು ಎತ್ತಿನ ಗಾಡಿ ಏರಬೇಕಿತ್ತು. 1930ರ ದಶಕದಲ್ಲಿ ಹಳಿ ಆನಂದಪುರ, ಸಾಗರಗಳತ್ತ ಮುಂದುವರಿದು 1940ರಲ್ಲಿ ತಾಳಗುಪ್ಪ ಮುಟ್ಟಿತು. ಶಿಕಾರಿಪುರದವರಿಗೆ ಆನಂದಪುರ, ಸೊರಬದವರಿಗೆ ಸಾಗರ ಹತ್ತಿರವಾದವು. ಎತ್ತುಗಳ ಹಾದಿ ಮೊಟಕಾಯಿತು, ತಪ್ಪಲಿಲ್ಲ.

ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಮಹಾರಾಣಿಯವರ ಸಲೂನ್ ಇದೆ. ಅದೂ 1899ರದ್ದೇ. ಅಡುಗೆಮನೆ, ಊಟದ ಜಾಗ, ಶೌಚಗೃಹ ಎಲ್ಲ ಉಳ್ಳ ಆ ಬೋಗಿಯ ಮುಂದೆ ಜನ ನಿಂತು ನೋಡುತ್ತಾರೆ. ಅದು ಉಳಿದದ್ದು ಒಳ್ಳೆಯದೇ. ಆದರೆ ಮಲೆನಾಡಿನ ದುಡಿಮೆಯನ್ನು ಹೊತ್ತದ್ದು ಸಲೂನ್ ಅಲ್ಲ. ಇಲ್ಲಿನ ಮೀಟರ್‌ಗೇಜ್ ಹಳಿ ಕಿತ್ತು, 2011ರ ಹೊತ್ತಿಗೆ ತಾಳಗುಪ್ಪದವರೆಗೂ ಬ್ರಾಡ್‌ಗೇಜ್ ಆಯಿತು. ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊತ್ತವರು, ಕೊಕ್ಕೆ ಬೀಳಿಸಿದವರು ಇರುವಾಗಲೇ ಯಾರಾದರೂ ಆ ವ್ಯಾಗನ್ನಿನ ನಕ್ಷೆ ಬರೆದಿಟ್ಟರೆ ಚೆನ್ನ. ಯಾವ ಹಲಗೆ ಮೊದಲು ಸವೆಯುತ್ತಿತ್ತು, ಬಾಗಿಲಿನ ಅಗಳಿ ಎಲ್ಲಿ ಬಿಗಿಯುತ್ತಿತ್ತು ಎಂಬುದು ಅವರಿಗೇ ಗೊತ್ತು.

ಶಿವಮೊಗ್ಗ-ಶಿಕಾರಿಪುರ-ರಾಣೆಬೆನ್ನೂರು ಹೊಸ ಮಾರ್ಗದ ಕೆಲಸ ಈಗ ನಡೆದಿದೆ. ಶಿಕಾರಿಪುರಕ್ಕೆ ಮೊದಲು ಬರುವ ಗೂಡ್ಸ್ ಗಾಡಿ ಬ್ರಾಡ್‌ಗೇಜಿನದೇ. ಸೊರಬ ಆ ದಾರಿಯಲ್ಲಿಲ್ಲ.